ಆಕಾಶದ ಕಬ್ಬಿಣಕ್ಕೆ ಆಯುಧಪೂಜೆ

ನನಗೆ ಸೊಕ್ಕು ಎಂದು ನನ್ನ ಅತ್ತೆ, ಅಂದರೆ ಗಂಡನ ತಾಯಿ, ನಾನು ಮದುವೆಯಾಗಿ ಬಂದ ಹೊಸತರಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸೊಸೆ, ಸಾರಿಗೆ ಉಪ್ಪು ಹಾಕುವಾಗಲೂ ಸೋಡಿಯಂ ಕ್ಲೋರೈಡ್ ಅನ್ನುತ್ತಾಳೆ ಎಂದು ನೆಂಟರ ಮುಂದೆ ಹೇಳಿ ನಗಾಡುತ್ತಿದ್ದರು. ನಾನು ಹಾಗೆ ಅಂದದ್ದು ಒಂದೇ ಸಲ, ಅದೂ ತಮಾಷೆಗೆ. ಆದರೆ ಸೊಕ್ಕಿನ ಮಾತು ಪೂರ್ತಿ ಸುಳ್ಳಲ್ಲ. ನನ್ನ ಕೈಯಲ್ಲಿ ಒಂದು ಕೆಲಸ ಚಂದ ಆದರೆ ಅದನ್ನು ನಾಲ್ಕು ಜನ ನೋಡಬೇಕು, ನೋಡಿ ಚಂದ ಉಂಟು ಅನ್ನಬೇಕು ಎಂಬ ಆಸೆ ನನಗೆ ಮೊದಲಿನಿಂದಲೂ ಇದೆ. ಈಗ ನಿವೃತ್ತಿ ಆಗಿದೆ, ಮಂಡಿನೋವು ಬಂದಿದೆ, ಸೊಕ್ಕು ಮಾತ್ರ ಹಾಗೇ ಉಳಿದಿದೆ. ಇದನ್ನು ಬರೆಯಲು ಕೂತದ್ದೂ ಅದರಿಂದಲೇ.

ನಮ್ಮ ಮನೆ ಇರುವುದು ಅರಂತೋಡಿನಿಂದ ಸ್ವಲ್ಪ ಒಳಗೆ. ಮನೆಯೊಳಗಿನ ಮಾತು ಅರೆಭಾಷೆ. ಅದನ್ನು ಇಲ್ಲಿ ಎಲ್ಲರಿಗೂ ತಿಳಿಯುವ ಕನ್ನಡಕ್ಕೆ ತಂದು ಬರೆದಿದ್ದೇನೆ. ನಾನು ಹೆಚ್ಚು ವರ್ಷ ಕಲಿಸಿದ್ದು ಆಲಂಕಾರಿನ ಕಡೆಯ ಒಂದು ಶಾಲೆಯಲ್ಲಿ. ಲೋಹಗಳ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಒಂದು ಚಿತ್ರ ತೋರಿಸುತ್ತಿದ್ದೆ. ಕಬ್ಬಿಣದ ಉಲ್ಕೆಯನ್ನು ಕುಯ್ದು, ಮುಖವನ್ನು ಉಜ್ಜಿ, ಆಮ್ಲ ಹಚ್ಚಿದರೆ ಕಾಣುವ ಗೆರೆಗಳ ಚಿತ್ರ. ಒಂದು ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಓರೆಯಾಗಿ ಹಾದುಹೋಗುವ ಗೆರೆಗಳು. ಲಕ್ಷಾಂತರ ವರ್ಷ ಮೆಲ್ಲಮೆಲ್ಲನೆ ತಣಿದ ಲೋಹದಲ್ಲಿ ಮಾತ್ರ ಅವು ಮೂಡುತ್ತವೆ, ಭೂಮಿಯ ಯಾವ ಕುಲುಮೆಯಲ್ಲಿ ಮಾಡಲು ಹೋದರೂ ಬರುವುದಿಲ್ಲ ಎಂದು ಹೇಳುತ್ತಿದ್ದೆ. ಕೊನೆಗೆ, 'ಇದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು ಅಂತ ನನಗೂ ಆಸೆ ಉಂಟು ಮಕ್ಕಳೇ' ಎಂದು ಸೇರಿಸುತ್ತಿದ್ದೆ. ಪಾಠದಲ್ಲಿ ಉಳಿದದ್ದೆಲ್ಲ ಮರೆತವರಿಗೂ ಆ ಮಾತು ನೆನಪಿದೆ ಎಂಬುದು ಗೊತ್ತಾದದ್ದು ನನ್ನ ಬೀಳ್ಕೊಡುಗೆಯ ದಿನ.

ಅಂದು ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಹಳೆಯ ವಿದ್ಯಾರ್ಥಿಗಳ ಒಂದು ಗುಂಪು ವೇದಿಕೆಗೆ ಬಂತು. ಅವರಲ್ಲಿ ಒಬ್ಬಳು ನೆಲ್ಯಾಡಿಯಲ್ಲಿ ಮೆಡಿಕಲ್ ಶಾಪ್ ಇಟ್ಟವಳು, ಒಬ್ಬ ಜೆಸಿಬಿ ಓಡಿಸುವವನು, ಇಬ್ಬರು ತೋಟ ನೋಡಿಕೊಂಡಿರುವವರು. ಎಲ್ಲ ಸೇರಿ ಒಂದು ಮರದ ಪೆಟ್ಟಿಗೆ ಕೊಟ್ಟರು. ತೆರೆದರೆ ಒಳಗೆ ಅಂಗೈಯಷ್ಟು ಅಗಲದ, ಬೆರಳಿನಷ್ಟು ದಪ್ಪದ ಕಬ್ಬಿಣದ ತುಂಡು. ಅರ್ಜೆಂಟೀನಾ ದೇಶದ ಬಯಲಿನಲ್ಲಿ ಹಿಂದೆ ಯಾವಾಗಲೋ ಬಿದ್ದ ಉಲ್ಕೆಯ ಹೋಳು, ಯಾರ ಯಾರನ್ನೋ ಹಿಡಿದು ತರಿಸಿದ್ದು. ಗರಗಸದ ಗೀರು ಇನ್ನೂ ಮೈಮೇಲೆ ಹಾಗೇ ಇತ್ತು. 'ಟೀಚರ್, ಶಾಲೆಯ ವಿಜ್ಞಾನ ಕೊಠಡಿಯನ್ನು ನಾವು ರಿಪೇರಿ ಮಾಡಿಸ್ತೇವೆ. ನೀವು ಇದರ ಗೆರೆ ಎಬ್ಬಿಸಿ ಅಲ್ಲಿಗೆ ಕೊಡ್ಬೇಕು' ಅಂದಳು ಮೆಡಿಕಲ್ ಶಾಪಿನವಳು. ನಾನು ಮೈಕಿನ ಮುಂದೆಯೇ, ಇಡೀ ಊರು ಕೇಳುವ ಹಾಗೆ, ಕೊಡುತ್ತೇನೆ ಎಂದು ಮಾತು ಕೊಟ್ಟೆ. ಅಲ್ಲಿಯವರೆಗೆ ನಾನು ಉಲ್ಕೆಯೊಂದನ್ನು ಮುಟ್ಟಿಯೂ ನೋಡಿರಲಿಲ್ಲ.

ತುಂಡಿನ ಮುಖ ನುಣುಪು ಮಾಡುವುದೇ ಈ ಕೆಲಸದಲ್ಲಿ ಅರ್ಧ ಆಯುಷ್ಯ ತಿನ್ನುವುದು. ಹಿಂದಿನ ಜಗಲಿಯಲ್ಲಿ ದಪ್ಪ ಗಾಜಿನ ತುಂಡೊಂದನ್ನು ಹಾಸಿ, ಅದರ ಮೇಲೆ ಪಾಲಿಶ್ ಪೇಪರ್ ಇಟ್ಟು, ಸೀಮೆಎಣ್ಣೆ ಹನಿಸಿ, ತುಂಡನ್ನು ಒತ್ತಿ ಒತ್ತಿ ಉಜ್ಜಬೇಕು. ನೀರು ಹಾಕುವ ಹಾಗಿಲ್ಲ, ತುಕ್ಕು ಹಿಡಿಯುತ್ತದೆ. ಒರಟು ಕಾಗದದಿಂದ ಶುರು ಮಾಡಿ, ಅದರ ಗೀರು ಪೂರ್ತಿ ಹೋಗುವವರೆಗೆ ಉಜ್ಜಿ, ಆಮೇಲೆ ಅದಕ್ಕಿಂತ ನುಣ್ಣನೆಯ ಕಾಗದ. ಅವಸರ ಮಾಡಿ ಒಂದು ಗೀರು ಬಿಟ್ಟರೆ ಕೊನೆಯಲ್ಲಿ ಆಮ್ಲ ಹಚ್ಚಿದಾಗ ಅದೇ ಮೊದಲು ಎದ್ದು ಕಾಣುತ್ತದೆ. ನನ್ನ ಗಂಡ ತೋಟದ ಕೆಲಸದ ನಡುವೆ ಪುತ್ತೂರಿಗೆ ಹೋಗಿ ಕಾಗದ, ಆಮ್ಲ, ಸ್ಪಿರಿಟ್, ಕೈಗವಸು ಎಲ್ಲ ತಂದುಕೊಡುತ್ತಿದ್ದರು. ಅತ್ತೆ ಜಗಲಿಯ ತುದಿಯಲ್ಲಿ ಕಾಲು ಚಾಚಿ ಕೂತು ನೋಡುತ್ತಿದ್ದರು. 'ನನ್ನ ಹಂಡೆಯನ್ನು ಒಂದು ದಿನವಾದರೂ ನೀನು ಹೀಗೆ ತಿಕ್ಕಿದ್ದುಂಟಾ?' ಎಂದು ಕೇಳಿದರು. ಹಂಡೆ ಆಕಾಶದಿಂದ ಬಿದ್ದಿದ್ದರೆ ತಿಕ್ಕುತ್ತಿದ್ದೆ ಅತ್ತೆ ಅಂದೆ.

ಮುಖ ಕನ್ನಡಿಯ ಹಾಗೆ ಆದ ದಿನ ಆಮ್ಲ ತಯಾರಿಸಿದೆ. ಸ್ಪಿರಿಟ್ಟಿಗೆ ಕೆಲವೇ ಹನಿ ನೈಟ್ರಿಕ್ ಆಮ್ಲ. ಆ ದಿನ ಕಲಸಿದ್ದನ್ನು ಆ ದಿನವೇ ಮುಗಿಸಬೇಕು, ಮುಚ್ಚಳ ಬಿಗಿದು ಇಟ್ಟರೆ ಸೀಸೆಯೇ ಸಿಡಿದೀತು. ಗಾಳಿ ಆಡುವ ಕಡೆ ಕೂತು, ಮೆತ್ತನೆಯ ಬ್ರಷ್ಷಿನಿಂದ ಮುಖದ ಮೇಲೆ ಓಡಿಸಿದೆ. ಏನೂ ಕಾಣಲಿಲ್ಲ. ಮತ್ತೆ ಓಡಿಸಿದೆ. ಹೊಳಪು ಮಂಕಾಗುತ್ತಾ ಬಂತು, ಕೈಯಾರೆ ಹಾಳು ಮಾಡಿದೆನೋ ಅಂದುಕೊಂಡೆ. ಆಮೇಲೆ ಆ ಮಂಕಿನೊಳಗಿಂದ ಒಂದು ಪಟ್ಟಿ ಎದ್ದಿತು. ಅದರ ಪಕ್ಕ ಇನ್ನೊಂದು. ಅವೆರಡನ್ನೂ ಹಾದು ಓರೆಯಾಗಿ ಮತ್ತೊಂದು. ನಿಕಲ್ ಕಡಿಮೆ ಇರುವ ಪಟ್ಟಿಯನ್ನು ಆಮ್ಲ ಬೇಗ ತಿನ್ನುತ್ತದೆ, ಹೆಚ್ಚಿರುವ ಅಂಚನ್ನು ಬಿಟ್ಟುಬಿಡುತ್ತದೆ, ಅದರಿಂದ ಗೆರೆ. ಇದನ್ನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು ಹೇಳಿದವಳು ನಾನೇ. ಆದರೂ ನನ್ನ ಕಣ್ಣಲ್ಲಿ ನೀರು ಬಂತು. ನನ್ನ ಜಗಲಿಯಲ್ಲಿ, ನನ್ನ ಕೈಯಿಂದ ಎದ್ದ ಗೆರೆ ಅದು.

ಅತ್ತೆ ತುಂಡನ್ನು ಬಟ್ಟೆಯಲ್ಲಿ ಹಿಡಿದು ಬೆಳಕಿಗೆ ಆಚೆ ಈಚೆ ಓರೆ ಮಾಡಿದರು. 'ಚಾಪೆ ಹೆಣೆದ ಹಾಗೆ ಉಂಟಲ್ಲ. ಯಾರು ಹೆಣೆದದ್ದು?'

'ಯಾರೂ ಅಲ್ಲ ಅತ್ತೆ. ತಣಿಯುತ್ತಾ ತಣಿಯುತ್ತಾ ಅದಾಗಿಯೇ ಆದದ್ದು.'

'ಅದಾಗಿಯೇ ಆದದ್ದಾದರೆ ನೀನು ಇಷ್ಟು ದಿನ ತಿಕ್ಕಿದ್ದು ಎಂತಕ್ಕೆ?'

ಅಡಿಗೆ ಸೋಡಾ ಕಲಸಿದ ಡಿಸ್ಟಿಲ್ಡ್ ವಾಟರಿನಲ್ಲಿ ಆಮ್ಲ ತೊಳೆದು, ಸ್ಪಿರಿಟ್ಟಿನಲ್ಲಿ ಅದ್ದಿ, ಬಿಸಿ ತೋರಿಸಿ ಒಣಗಿಸಿ, ಹೊಲಿಗೆ ಮೆಷಿನಿನ ಎಣ್ಣೆಯನ್ನು ತೆಳ್ಳಗೆ ಒರೆಸಿದೆ. ನಮ್ಮ ಕಡೆಯ ಹವೆ ಗೊತ್ತಲ್ಲ, ಮಳೆಗಾಲದಲ್ಲಿ ಚಪ್ಪಲಿಯೂ ಹಸಿರಾಗುತ್ತದೆ. ಹಾಗಾಗಿ ಸೀರೆಗೆ ಬೂಸು ಹಿಡಿಯದ ಹಾಗೆ ಸಣ್ಣ ಬಲ್ಬು ಉರಿಸುವ ಕಪಾಟಿನಲ್ಲೇ ಇದಕ್ಕೂ ಜಾಗ ಮಾಡಿದೆ. ಬಂದವರಿಗೆಲ್ಲ ತೆಗೆದು ತೋರಿಸಿದೆ. ನಾನು ಮನೆಯಲ್ಲಿ ಇಲ್ಲದಾಗ ಅತ್ತೆಯೂ ತೋರಿಸುತ್ತಿದ್ದರಂತೆ. ಇಡೀ ಮಳೆಗಾಲ ಅದು ಒಂದು ಚುಕ್ಕೆ ತುಕ್ಕಿಲ್ಲದೆ ದಾಟಿತು.

ಆಯುಧಪೂಜೆಯ ಬೆಳಿಗ್ಗೆ ನಾನು ಸೇವಂತಿಗೆ ತರಲು ಸುಳ್ಯಕ್ಕೆ ಹೋಗಿದ್ದೆ. ನಮ್ಮಲ್ಲಿ ಅಂದು ಮನೆಯಲ್ಲಿರುವ ಕಬ್ಬಿಣಕ್ಕೆಲ್ಲ ಸ್ನಾನ. ಕತ್ತಿ, ಹಾರೆ, ಪಿಕ್ಕಾಸು, ಹುಲ್ಲು ಹೆರೆಯುವ ಮೆಷಿನು, ಮದ್ದು ಬಿಡುವ ಪಂಪು, ಎಲ್ಲವನ್ನೂ ತೊಳೆದು ಒರೆಸಿ, ಚಾವಡಿಯಲ್ಲಿ ಬಾಳೆಎಲೆ ಹಾಸಿ ಸಾಲಾಗಿ ಇಟ್ಟು, ಗಂಧ ಕುಂಕುಮ ಹಚ್ಚಿ, ಹೂ ಇಟ್ಟು ಪೂಜೆ ಮಾಡುವುದು. ಹೂವಿನ ಕಟ್ಟು ಹಿಡಿದು ನಾನು ಒಳಗೆ ಬರುವಾಗ ಎಲ್ಲ ಸಿದ್ಧವಾಗಿತ್ತು. ಸಾಲಿನ ನಟ್ಟನಡುವೆ, ದೊಡ್ಡ ಕತ್ತಿಗಿಂತಲೂ ಮುಂದೆ, ಒಂದು ಬೇರೆಯೇ ಮಣೆ. ಅದರ ಮೇಲೆ ನನ್ನ ಉಲ್ಕೆ. ಮುಖದ ತುಂಬ ತೇದ ಗಂಧ, ನಡುವೆ ಕುಂಕುಮದ ಬೊಟ್ಟು.

'ಎಣ್ಣೆ ಜಿಡ್ಡು ಇತ್ತು, ನಾನೇ ತಿಕ್ಕಿದೆ' ಅಂದರು ಅತ್ತೆ. 'ದೀಪ ತಿಕ್ಕಿದ ಹುಣಸೆಹುಳಿ, ಉಪ್ಪು ಇತ್ತಲ್ಲ, ಅದರಲ್ಲೇ. ಹಾರೆಗೂ ಪಿಕ್ಕಾಸಿಗೂ ಪೂಜೆ ಆಗುವಾಗ ಆಕಾಶದಿಂದ ಬಂದದ್ದನ್ನು ಕಪಾಟಿನೊಳಗೆ ಕೂಡಿ ಹಾಕುದಾ?'

ಹುಣಸೆಹುಳಿ ಹಾಳಾಗಿ ಹೋಗಲಿ, ಅದು ಮುಖವನ್ನಷ್ಟೇ ಕೆಡಿಸುತ್ತದೆ. ಉಪ್ಪು ಹಾಗಲ್ಲ. ಉಲ್ಕೆಯ ಕಬ್ಬಿಣದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಉಪ್ಪುನೀರು ಅಲ್ಲಿಗೆ ಇಳಿದರೆ ಒಳಗೆ ಕೂತು ಕಬ್ಬಿಣವನ್ನು ತುಕ್ಕು ಮಾಡುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ, ಮುಂದಿನ ಕಬ್ಬಿಣಕ್ಕೆ ಬಾಯಿ ಹಾಕುತ್ತದೆ. ಹೀಗೇ ಬಿಟ್ಟರೆ ಕೊನೆಗೆ ತುಂಡೇ ಪುಡಿಯಾಗುತ್ತದೆ. ನನಗೆ ಇಷ್ಟೂ ಗೊತ್ತು. ಇನ್ನೊಂದೂ ಗೊತ್ತು: ಪೂಜೆಗೆ ಇಟ್ಟ ಆಯುಧವನ್ನು ಅಂದು ಅಲುಗಿಸುವ ಕ್ರಮ ನಮ್ಮಲ್ಲಿ ಇಲ್ಲ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ದೀಪ ಹಚ್ಚಿ, ಹೂ ತೆಗೆದ ಮೇಲೆಯೇ ಕೈ ಹಾಕುವುದು. ದನಕ್ಕೆ ಹುಲ್ಲು ಕೊಯ್ಯಬೇಕಾದರೂ ಅಂದು ಕತ್ತಿಗೆ ಕೈ ಹೋಗುವುದಿಲ್ಲ.

ನನ್ನ ಗಂಡ ನನ್ನ ಮುಖ ನೋಡಿದರು. ಬಾಯಿಗೆ ಬಂದದ್ದನ್ನು ನಾನು ಗಂಟಲಲ್ಲೇ ನುಂಗಿದೆ. ನನ್ನ ಸಿಟ್ಟು ಸಣ್ಣದಲ್ಲ, ಶಾಲೆಯಲ್ಲಿ ಹೆಸರುವಾಸಿ. ಆದರೆ ಅತ್ತೆಯ ಸೀರೆಯ ಸೆರಗು ಇನ್ನೂ ಒದ್ದೆಯಾಗಿತ್ತು, ಬೆರಳಿನ ಸಂದಿಯಲ್ಲಿ ಹುಳಿಯ ನಾರು ಅಂಟಿತ್ತು. ಎಂಬತ್ತು ದಾಟಿದ ಆ ಕೈ ನನ್ನ ಕೆಲಸಕ್ಕೆ ಮನೆಯ ಎಲ್ಲ ಕಬ್ಬಿಣಕ್ಕಿಂತ ಮೇಲಿನ ಜಾಗ ಕೊಟ್ಟಿತ್ತು. ಅದನ್ನು ಮಣೆಯಿಂದ ಎತ್ತಿ ಓಡಲು ನನ್ನಿಂದ ಆಗಲಿಲ್ಲ. ತಂದ ಸೇವಂತಿಗೆಯಲ್ಲಿ ಚಂದದ ಒಂದನ್ನು ಹುಡುಕಿ ಅದರ ಮುಂದೆ ಇಟ್ಟೆ. ಈಗ ಕೇಳಿದರೂ ಅದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಒದ್ದೆ ಗಂಧದ ಅಡಿಯಲ್ಲಿ ಅದು ಮರುದಿನದವರೆಗೆ ಕೂತಿತು.

ಒಂದೆರಡು ವಾರದಲ್ಲಿ ಉಲ್ಕೆ ಬೆವರಲು ಶುರು ಮಾಡಿತು. ಈ ಕೆಲಸ ಮಾಡುವವರು ಹಾಗೆಯೇ ಹೇಳುವುದು. ಅಂಚಿನಲ್ಲಿ, ಗೆರೆ ಗೆರೆ ಸೇರುವಲ್ಲಿ, ಕಂದು ಬಣ್ಣದ ಸಣ್ಣ ಸಣ್ಣ ಹನಿಗಳು. ಒರೆಸಿದರೆ ಮರುದಿನ ಮತ್ತೆ. ಒಂದು ಮೂಲೆಯಲ್ಲಿ ಚಕ್ಕೆ ಏಳಲು ತೊಡಗಿತು. ಅದೇ ವಾರ ಮೆಡಿಕಲ್ ಶಾಪಿನವಳ ಫೋನು: 'ಟೀಚರ್, ಕೊಠಡಿಯ ಪೈಂಟ್ ಆಗ್ತಾ ಉಂಟು, ಜನವರಿಯಲ್ಲಿ ಉದ್ಘಾಟನೆ. ನಮ್ಮ ಉಲ್ಕೆ ಹೇಗುಂಟು?' ಚೆನ್ನಾಗಿ ಉಂಟು ಅಂದೆ. ಫೋನು ಇಟ್ಟು ನೇರ ಕಪಾಟಿನ ಮುಂದೆ ಹೋಗಿ ನಿಂತೆ. ಆ ಮಕ್ಕಳು ಕೂಡಿ ಕೊಟ್ಟದ್ದು, ಇಡೀ ಊರಿನ ಮುಂದೆ ನಾನು ಮಾತು ಕೊಟ್ಟದ್ದು, ಅದು ನನ್ನ ಕಪಾಟಿನಲ್ಲಿ ಕರಗುತ್ತಾ ಕೂತಿತ್ತು.

'ಎಂತ ಅದಕ್ಕೆ?' ಎಂದು ಅತ್ತೆ ಕೇಳಿದಾಗ, 'ನಮ್ಮ ಹವೆಗೆ ಹೀಗೆ ಆಗುದು ಅತ್ತೆ' ಅಂದುಬಿಟ್ಟೆ.

ಒಳಗಿನ ಉಪ್ಪನ್ನು ಹೊರಗೆ ಎಳೆಯಲು ಇರುವ ದಾರಿ ಒಂದೇ, ತಾಳ್ಮೆ. ಪುತ್ತೂರಿನ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರಿನ ಕ್ಯಾನುಗಳು ಬಂದವು. ನೀರಿನಲ್ಲಿದ್ದೂ ತುಕ್ಕು ಹಿಡಿಯದ ಹಾಗೆ ಅದಕ್ಕೆ ಕಾಸ್ಟಿಕ್ ಸೋಡಾ ಬೆರೆಸಿ, ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಲ್ಕೆಯನ್ನು ಮುಳುಗಿಸಿದೆ. ಕೆಲವು ದಿನ ಬಿಟ್ಟು ಆ ನೀರು ಚೆಲ್ಲಿ ಹೊಸ ನೀರು. ಮತ್ತೆ ಹೊಸ ನೀರು. ಪ್ರತಿ ಸಲ ಚೆಲ್ಲುವ ಮೊದಲು ಅದರಲ್ಲಿ ಸ್ವಲ್ಪ ಗಾಜಿನ ನಳಿಗೆಗೆ ತೆಗೆದು, ಸೋಡಾ ಸಾಯುವಷ್ಟು ನೈಟ್ರಿಕ್ ಆಮ್ಲ ಹಾಕಿ, ಮೇಲಿನಿಂದ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಡುತ್ತಿದ್ದೆ. ಉಪ್ಪು ಇದ್ದರೆ ಹನಿ ಬಿದ್ದಲ್ಲಿ ಬೆಳ್ಳಗೆ ಹಾಲು ಒಡೆದ ಹಾಗೆ ಆಗುತ್ತದೆ. ಹತ್ತನೇ ತರಗತಿಗೆ ಎಷ್ಟೋ ಸಲ ಮಾಡಿ ತೋರಿಸಿದ ಪರೀಕ್ಷೆ. ಮೊದಲ ಸಲ ನೋಡಿದಾಗ ನಳಿಗೆ ಪೂರ್ತಿ ಬೆಳ್ಳಗಾಯಿತು.

ಅತ್ತೆ ಎಂದಿನ ಜಾಗದಲ್ಲೇ ಕೂತಿದ್ದರು. 'ಅದು ಎಂತ ಬಿಳಿ?'

'ಉಪ್ಪು ಅತ್ತೆ' ಅಂದೆ. ಕಲಿಸಿ ಕಲಿಸಿ ಅಭ್ಯಾಸವಾದ ಬಾಯಿ, ಯೋಚನೆಗೆ ಮೊದಲೇ ಉತ್ತರ ಬಂದಿತ್ತು.

ಅತ್ತೆ ಎದ್ದು ಒಳಗೆ ಹೋದರು. ಆದರೆ ಮುಂದಿನ ಸಲ ನಾನು ನಳಿಗೆ ಹಿಡಿಯುವ ಮೊದಲೇ ಜಗಲಿಗೆ ಬಂದು ಕೂತಿದ್ದರು. 'ಬಿಳಿ ಆಯ್ತಾ?' ಎಂದು ಕೇಳಿದರು. ಆಯ್ತು, ಆದರೆ ಕಡಿಮೆ ಅಂದೆ. ಅಲ್ಲಿಂದ ಮೇಲೆ ಪ್ರತಿ ಸಲವೂ ಅದೇ ಪ್ರಶ್ನೆ. ಹವೆಯ ಮಾತು ನಾನೂ ಮತ್ತೆ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ಪೂಜೆಯ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಬಿಳಿ ಮಂಜಿನಷ್ಟು ತೆಳ್ಳಗಾಯಿತು, ಆಮೇಲೆ ಇದೆಯೋ ಇಲ್ಲವೋ ಅನ್ನುವಷ್ಟಾಯಿತು. ಡಿಸೆಂಬರಿನ ಒಂದು ಬೆಳಿಗ್ಗೆ ಹನಿ ಬಿಟ್ಟರೆ ನೀರು ನೀರಾಗಿಯೇ ಉಳಿಯಿತು. ನಳಿಗೆಯನ್ನು ಅತ್ತೆಯ ಕಣ್ಣಿನ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು, ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. 'ಹೋಯ್ತು' ಅಂದರು.

ಆಮೇಲೆ ಪುನಃ ಮೊದಲಿನಿಂದ. ಗಾಜು, ಕಾಗದ, ಸೀಮೆಎಣ್ಣೆ. ಚಕ್ಕೆ ಎದ್ದ ಮೂಲೆಯನ್ನು ಉಜ್ಜಿ ತೆಗೆಯಬೇಕಾಯಿತು, ತುಂಡು ಸ್ವಲ್ಪ ತೆಳುವಾಯಿತು. ಆದರೆ ಎರಡನೇ ಸಲ ಎದ್ದ ಗೆರೆ ಮೊದಲಿಗಿಂತ ಚಂದ. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. ನನ್ನ ಕೈ ಪಳಗಿತ್ತು, ಎಷ್ಟು ಹೊತ್ತಿಗೆ ಬ್ರಷ್ ನಿಲ್ಲಿಸಬೇಕು ಎಂಬುದು ಕಣ್ಣಿಗೆ ಗೊತ್ತಾಗಿತ್ತು. ಬೆಳಕಿಗೆ ಹಿಡಿದು ತಿರುಗಿಸಿದರೆ ಒಂದು ಪಟ್ಟಿ ಹೊಳೆದು, ಅದು ಮಂಕಾಗುವಾಗ ಪಕ್ಕದ್ದು ಹೊಳೆಯುತ್ತಿತ್ತು. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕಿನಲ್ಲಿ ಇಂಥದ್ದೊಂದನ್ನು ಕೈಯಾರೆ ಮಾಡಿದವರು ನನ್ನನ್ನು ಬಿಟ್ಟು ಯಾರಿದ್ದಾರೆ ಎಂದು ಗಂಡನನ್ನು ಕೇಳಿದೆ. ಅವರಿಗೆ ಗೊತ್ತಿರುವ ಮಟ್ಟಿಗೆ ಯಾರೂ ಇಲ್ಲವಂತೆ.

ಈ ಸಲ ಬಲ್ಬಿನ ಕಪಾಟನ್ನು ನಂಬಲಿಲ್ಲ. ಗಾಳಿ ಹೋಗದ ಗಾಜಿನ ಪೆಟ್ಟಿಗೆ ಮಾಡಿಸಿ, ತಳದ ತಟ್ಟೆಯಲ್ಲಿ ತೇವ ಹೀರುವ ಸಿಲಿಕಾ ಕಾಳು ತುಂಬಿಸಿದೆ. ಕಾಳು ಒಣಗಿದ್ದಾಗ ಕಿತ್ತಳೆ ಬಣ್ಣ, ತೇವ ಕುಡಿದರೆ ಹಸಿರು. ಹಸಿರಾದರೆ ಬಿಸಿ ಮಾಡಿ ಒಣಗಿಸಬೇಕು. ಆ ಕೆಲಸವನ್ನು ಅತ್ತೆ ನನ್ನನ್ನು ಕೇಳದೆಯೇ ತಗೊಂಡರು. ಅಡಿಗೆಗೆ ಬೇಡವೆಂದು ಮೂಲೆಗೆ ಹಾಕಿದ ಒಂದು ಬಾಣಲೆ ಅದಕ್ಕೇ ಮೀಸಲಾಯಿತು. ಸಣ್ಣ ಉರಿಯಲ್ಲಿ ರವೆ ಹುರಿಯುವ ಹಾಗೆ ಕೈಬಿಡದೆ ಕೆದಕುತ್ತಾ, ಬಣ್ಣ ತಿರುಗುವ ಹೊತ್ತಿಗೆ ಸರಿಯಾಗಿ ಇಳಿಸುತ್ತಿದ್ದರು. ನಾನು ಹುರಿದರೆ ಕಾಳು ಕಪ್ಪಾಗುತ್ತಿತ್ತು. 'ನಿನಗೆ ರವೆಯೂ ಹುರಿಲಿಕ್ಕೆ ಬರುದಿಲ್ಲ' ಎಂದು ನನ್ನ ಕೈಯಿಂದ ಸಟ್ಟುಗ ಕಿತ್ತುಕೊಂಡರು. ಎಷ್ಟೋ ದಿನದ ಮೇಲೆ ಕೇಳಿದ ಆ ಕೊಂಕು ಮಾತಿಗೆ ನನಗೆ ಖುಷಿಯಾಯಿತು.

ಉದ್ಘಾಟನೆಯ ದಿನ ಅತ್ತೆಯನ್ನೂ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಪೆಟ್ಟಿಗೆ ಅವರ ಮಡಿಲಲ್ಲೇ. ಕೊಠಡಿಗೆ ಹೊಸ ಬಣ್ಣ, ಬಾಗಿಲಿಗೆ ಮಾವಿನೆಲೆ. ಹಳೆಯ ವಿದ್ಯಾರ್ಥಿಗಳು, ಈಗಿನ ಮಕ್ಕಳು, ಅವರ ತಾಯಿ ತಂದೆ ಎಲ್ಲ ಸೇರಿ ನಿಲ್ಲಲೂ ಜಾಗ ಇರಲಿಲ್ಲ. ನಡುವಿನ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು, ಎಲ್ಲರಿಗೂ ಕಾಣಲಿ ಎಂದು ಒಂದು ನಿಮಿಷಕ್ಕೆ ಗಾಜಿನ ಮುಚ್ಚಳ ತೆಗೆದೆ. ಹುಡುಗಿಯರ ಸಾಲಿನಿಂದ 'ಅಬ್ಬಾ' ಎಂದು ಕೇಳಿಸಿತು. ಆ ಒಂದು ಶಬ್ದಕ್ಕಾಗಿ ನಾನು ಇನ್ನೂ ಎರಡು ಸಲ ಉಜ್ಜಲು ತಯಾರಿದ್ದೆ.

ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು ಮುಂದೆ ಬಂದರು. ಒಳ್ಳೆಯ ಮನುಷ್ಯ, ಎಲ್ಲ ಕ್ರಮಬದ್ಧ ಆಗಬೇಕು ಅನ್ನುವವರು. ಬಾಗಿಲಲ್ಲಿ ತೆಂಗಿನಕಾಯಿ ಒಡೆದು, ಒಂದು ಕೈಯಲ್ಲಿ ನೀರು ತುಂಬಿದ ಹೋಳು, ಇನ್ನೊಂದು ಕೈಯಲ್ಲಿ ಗಂಧದ ಬಟ್ಟಲು ಹಿಡಿದು ನೇರ ಮೇಜಿನ ಕಡೆಗೆ ಬಂದರು. ಕಾಯಿನೀರಿನಲ್ಲಿ ಬೆರಳು ಅದ್ದಿ, ಉಲ್ಕೆಗೆ ಪ್ರೋಕ್ಷಣೆ ಮಾಡಲು ಕೈ ಎತ್ತಿದರು. ನಾನು ಮೇಜಿನ ಆಚೆ ಬದಿಯಲ್ಲಿದ್ದೆ. ಕೈ ಚಾಚಿದೆ, ತಲುಪಲಿಲ್ಲ.

'ನಿಲ್ಲಿ ಮಾರಾಯ್ರೆ! ಅದಕ್ಕೆ ನೀರು ಆಗುದಿಲ್ಲ!'

ಅತ್ತೆ. ಮೊದಲ ಸಾಲಿನ ಕುರ್ಚಿಯಿಂದ ಎದ್ದು ನಿಂತಿದ್ದರು. ಆ ಸ್ವರ ಅವರಲ್ಲಿ ಇನ್ನೂ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. ಅಧ್ಯಕ್ಷರ ಕೈ ಎತ್ತಿದಲ್ಲೇ ನಿಂತಿತು.

'ಶುಭಕಾರ್ಯ ಅಲ್ವಾ ಅಮ್ಮ, ಒಂದು ಬೊಟ್ಟು ಗಂಧ ಆದರೂ ಬೇಡವಾ?' ಎಂದು ಅವರು ಮೆಲ್ಲಗೆ ಕೇಳಿದರು.

'ಗಂಧ ಬಾಗಿಲಿಗೆ ಹಚ್ಚಿ, ದೇವರಿಗೆ ತಲುಪ್ತದೆ. ಇದನ್ನು ನಾನು ಆಯುಧಪೂಜೆಗೆ ಹುಳಿ, ಉಪ್ಪು ಹಾಕಿ ತಿಕ್ಕಿ, ಗಂಧ ಹಚ್ಚಿ ಕೂರಿಸಿದ್ದೆ. ಚಂದ ಆಗ್ಲಿ ಅಂತಲೇ ಮಾಡಿದ್ದು. ಪೂರಾ ಹಾಳಾಯ್ತು.' ಅತ್ತೆ ನನ್ನ ಕಡೆ ಕೈ ತೋರಿಸಿದರು. 'ಇವಳು ನನಗೆ ಒಂದು ಮಾತು ಅನ್ಲಿಲ್ಲ. ಹವೆಗೆ ಹಾಗಾದ್ದು ಅಂದಳು. ಕೂತು ಕೂತು ಉಪ್ಪೆಲ್ಲ ತೆಗೆದು, ಪುನಃ ಮಾಡಿದ್ದು ಇದು. ನನ್ನ ಸೊಸೆಗೆ ಸೊಕ್ಕು ಉಂಟು ಅಂತ ನಾನು ಊರಿಡೀ ಹೇಳಿದ್ದೇನೆ. ಉಂಟು. ಇರ್ಲಿ. ಇಂಥ ಕೆಲಸ ಮಾಡಿದವಳಿಗೆ ಇರ್ಬೇಕು.'

ಅಧ್ಯಕ್ಷರು ನಕ್ಕು, ಗಂಧದ ಬಟ್ಟಲು ಹಿಡಿದು ಬಾಗಿಲಿಗೆ ಹೋದರು. ಜನ ಚಪ್ಪಾಳೆ ತಟ್ಟಿದರು. ಬಹುಮಾನ, ಸನ್ಮಾನ ಎಂದು ನನಗೂ ನಾಲ್ಕಾರು ಬಂದಿವೆ, ಅವೆಲ್ಲ ಅಟ್ಟದಲ್ಲಿ ಬಿದ್ದಿವೆ. ಅಂದು ಅತ್ತೆಯ ಬಾಯಿಯಿಂದ ಬಂದದ್ದನ್ನು ಎಲ್ಲಿಡುವುದು ಎಂದು ತಿಳಿಯದೆ ಹುಡುಗಿಯರ ಮುಂದೆಯೇ ಕಣ್ಣು ಒರೆಸಿಕೊಂಡೆ.

ಅತ್ತೆ ಅಷ್ಟರಲ್ಲಿ ಕೂತಾಗಿತ್ತು. ಸೆರಗು ಸರಿ ಮಾಡಿಕೊಂಡು ನನ್ನ ಕಡೆ ನೋಡಿ, 'ಅಳುದು ಮತ್ತೆ, ಮೊದಲು ಮುಚ್ಚಳ ಹಾಕು. ಕಾಳು ಹಸಿರಾದ್ರೆ ಇಲ್ಲಿ ಹುರಿಯುದು ಯಾರು?' ಅಂದರು.

ಮುಚ್ಚಳ ಹಾಕಿದೆ. ಕಾಳು ಕಿತ್ತಳೆಯೇ ಇತ್ತು.